ಖಡಕವಾಸಲಾದಿಂದ ಥೇವೂರಿನವರೆಗೆ: ಸೈಕಲ್ ಮೇಲಿಂದ ಕಂಡ ಪುಣೆಯ ನದಿ

ಪುಣೆಯಲ್ಲಿ ಸೈಕಲ್ ತುಳಿಯುವವರನ್ನು ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ ಹೆಚ್ಚಿನವರು ಸಿಂಹಗಡದ ಕಡೆ ಕೈ ತೋರಿಸುತ್ತಾರೆ. ಏರು ಹತ್ತದವನು ಸವಾರನೇ ಅಲ್ಲ ಎಂಬ ಹಮ್ಮು ಈ ಊರಿಗೆ ಹಳೆಯದು. ಮುಂಬೈ–ಪುಣೆ ಸೈಕಲ್ ಸ್ಪರ್ಧೆಯಲ್ಲಿ ಬೋರ್ ಘಾಟನ್ನು ಮೊದಲು ಹತ್ತಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಸಿಗುತ್ತದೆ. ಬಯಲಿನಲ್ಲಿ ಓಡಿಸಿದವನಿಗೆ ಯಾವ ರಾಜಪದವಿಯೂ ಇಲ್ಲ. ಆದರೆ ಮೊಣಕಾಲು ಉಳಿಸಿಕೊಂಡು ಊರು ನೋಡಬೇಕೆನ್ನುವವರಿಗೆ ಪುಣೆಯಲ್ಲಿ ಇನ್ನೊಂದು ದಾರಿ ಇದೆ. ಖಡಕವಾಸಲಾ ಅಣೆಕಟ್ಟಿನ ಬುಡದಿಂದ ಹೊರಟು, ಮುಠಾ ನದಿಯ ಜೊತೆ ಪೇಟೆಗಿಳಿದು, ಸಂಗಮ ದಾಟಿ, ಮುಳಾ–ಮುಠಾದ ದಡ ಹಿಡಿದು ಪೂರ್ವಕ್ಕೆ ಥೇವೂರಿನ ಗಣಪತಿಯವರೆಗೆ. ಒಟ್ಟು 45ರಿಂದ 50 ಕಿ.ಮೀ. ನೀರು ಹರಿಯುವ ದಿಕ್ಕಿನಲ್ಲೇ ಹೋಗುವುದರಿಂದ ದೊಡ್ಡ ಏರು ಎಲ್ಲೂ ಎದುರಾಗುವುದಿಲ್ಲ.

ಒಂದೇ ಕೊರತೆ: ಇದು ಒಂದೇ ದಾರಿಯಲ್ಲ. ತುಂಡು ತುಂಡು ದಾರಿಗಳನ್ನು ಸವಾರನೇ ಜೋಡಿಸಿಕೊಳ್ಳಬೇಕು.

ಖಡಕವಾಸಲಾದಿಂದಲೇ ಶುರುಮಾಡಿ ಎನ್ನಲು ಕನ್ನಡಿಗರಿಗೆ ವಿಶೇಷ ಕಾರಣವಿದೆ. ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಅಳವಡಿಸಿದ್ದು ಇಲ್ಲಿ, 1903ರಲ್ಲಿ. ನೀರು ಒಂದು ಮಟ್ಟ ಮೀರಿದರೆ ಗೇಟು ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯವದು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಹೋದದ್ದು ಇದೇ ಕಲ್ಪನೆ. 1961ರ ಜುಲೈ 12ರಂದು ಮೇಲಿನ ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕವಾಸಲಾವೂ ಬಾಯಿಬಿಟ್ಟಿತು. ನದಿ ಪಕ್ಕದ ಹಳೆಯ ಪೇಟೆಗಳು ಮುಳುಗಿದವು. ಪುಣೆಯ ಹಿರಿಯರು ಇಂದಿಗೂ ಆ ವರ್ಷವನ್ನು ‘ಪಾನಶೇತ್ ಪೂರ’ ಎಂದೇ ಗುರುತಿಸುತ್ತಾರೆ. ಈಗ ನಿಂತಿರುವುದು ಅನಂತರ ಕಟ್ಟಿಕೊಂಡ ಕಟ್ಟೆ. ಬೆಳಿಗ್ಗೆ ಅದರ ಪಕ್ಕದ ರಸ್ತೆಯಲ್ಲಿ ಸುಟ್ಟ ಜೋಳದ ತೆನೆ, ಕಾಂದಾಭಜಿ ಮಾರುವವರು ಇನ್ನೂ ಬಂದಿರುವುದಿಲ್ಲ; ಹಿನ್ನೀರು ಮಾತ್ರ ಇರುತ್ತದೆ. ಹೊರಡಲು ಅದೇ ಒಳ್ಳೆಯ ಹೊತ್ತು.

ಕೆಳಗಿಳಿಯಲು ಎರಡು ದಡ, ಎರಡು ರಸ್ತೆ. ಬಲದಂಡೆಯ ಸಿಂಹಗಡ ರಸ್ತೆಯಲ್ಲಿ ವಾಹನಗಳ ಕಾಟ ಹೆಚ್ಚು. ಎಡದಂಡೆಯ ಎನ್‌ಡಿಎ ರಸ್ತೆ ವಾಸಿ: ಕೊಂಢವೆ, ಉತ್ತಮನಗರ, ಶಿವಣೆ ದಾಟಿ ವಾರಜೆಗೆ ಬರುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ವಶದಲ್ಲಿರುವ ಕಾಡು ಮೇಲ್ಭಾಗದಲ್ಲಿ ಹಸಿರಾಗಿ ಕಾಣುತ್ತದೆ, ಒಳಗೆ ಬಿಡುವುದಿಲ್ಲ. ಪುಣೆಯ ಸುತ್ತ ಇಷ್ಟಾದರೂ ಮರ ಉಳಿದಿರುವುದಕ್ಕೆ ಸೇನೆಯ ಬೇಲಿಯೂ ಒಂದು ಕಾರಣ ಎಂದರೆ ಪುಣೇಕರರು ಬೇಸರಪಡಲಿಕ್ಕಿಲ್ಲ.

ಬೇಲಿಯಿಲ್ಲದ ಕಾಡು ಬೇಕೆಂದರೆ ವಾರಜೆಯ ಸ್ಮೃತಿವನಕ್ಕೆ ಹೋಗಬೇಕು. ಅರಣ್ಯ ಇಲಾಖೆಯ ಸುಮಾರು 40 ಎಕರೆ ಬೋಳುಗುಡ್ಡ ಜನರ ಕೈ ಸೇರಿ ಕಾಡಾದದ್ದು ಇತ್ತೀಚಿನ ಕಥೆ. 2020ರ ವಿಶ್ವ ಪರಿಸರ ದಿನದಂದು ಕೇಂದ್ರ ಸರ್ಕಾರ ದೇಶದಲ್ಲಿ 200 ನಗರವನ ಬೆಳೆಸುವ ಯೋಜನೆ ಘೋಷಿಸಿದಾಗ ಮಾದರಿಯಾಗಿ ತೋರಿಸಿದ್ದು ಇದನ್ನೇ. ಸೈಕಲ್ಲಿಗೆ ಹೊರಗೇ ಬೀಗ ಹಾಕಿ ಒಳಗೆ ನಡೆಯುವುದು ಸರಿ. ಸಸಿಗಳ ನಡುವಿನ ಕಾಲುಹಾದಿ ಟೈರಿಗಾಗಿ ಮಾಡಿದ್ದಲ್ಲ. ಊರೊಳಗಿನ ವೇತಾಳ ಟೇಕಡಿ, ತಳಜಾಯಿಗಳೂ ಇಂಥವೇ ಹಸಿರು ಗುಡ್ಡಗಳು. ವೇತಾಳ ಟೇಕಡಿಯನ್ನು ಸೀಳಿಕೊಂಡು ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ರಸ್ತೆ ಹಾಕುವ ಪಾಲಿಕೆಯ ಯೋಜನೆಯನ್ನು ಅಲ್ಲಿ ವಾಯುಸೇವನೆಗೆ ಬರುವ ಜನ ಪಟ್ಟುಹಿಡಿದು ವಿರೋಧಿಸಿದ್ದಾರೆ. ಅವರ ಪಟ್ಟು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ವಾರಜೆಯಿಂದ ಮುಂದೆ ಕರ್ವೆನಗರ. ಅಲ್ಲಿ ವಿಕ್ರಮ್ ಪೆಂಡ್ಸೆ ಸೈಕಲ್ ಸಂಗ್ರಹಾಲಯವಿದೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಶೂಟ್ ಸೈನಿಕರಿಗಾಗಿ ಮಾಡಿದ ಮಡಚುವ ಬಿಎಸ್‌ಎ ಸೈಕಲ್ಲನ್ನು ಅಲ್ಲಿ ನೋಡಬಹುದು. ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಕರೆಯುತ್ತಿದ್ದರು. ಕಾಲೇಜು ಹುಡುಗಿಯರು, ಖಡಕಿಯ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು, ಮಾಸ್ತರರು, ಗುಮಾಸ್ತರು ಎಲ್ಲರಿಗೂ ಅದೇ ವಾಹನ. ಆಮೇಲೆ ಪುಣೆಯೇ ದೇಶಕ್ಕೆ ಬಜಾಜ್ ಸ್ಕೂಟರು ಕೊಟ್ಟಿತು, ಕೈನೆಟಿಕ್‌ನ ಲೂನಾ ಕೊಟ್ಟಿತು. ಕೊಟ್ಟದ್ದನ್ನು ತಾನೂ ಹತ್ತಿ ಕೂತಿತು. 2017ರ ಡಿಸೆಂಬರ್‌ನಲ್ಲಿ ಪಾಲಿಕೆ ಇಡೀ ನಗರಕ್ಕೆ ಸೈಕಲ್ ಯೋಜನೆಯೊಂದನ್ನು ಒಪ್ಪಿತು. ಅದೇ ಹೊತ್ತಿಗೆ ಬಾಡಿಗೆ ಸೈಕಲ್ ಕಂಪನಿಗಳು ಬಣ್ಣಬಣ್ಣದ ಗಾಡಿಗಳೊಡನೆ ಬಂದವು, ಬಂದಷ್ಟೇ ಬೇಗ ಹೋದವು. ಸೈಕಲ್ ಪಥಗಳು ಹಲವೆಡೆ ಈಗ ವಾಹನ ನಿಲ್ದಾಣಗಳು.

ಆದರೂ ಈ ಸವಾರಿಯ ಅತಿ ಒಳ್ಳೆಯ ತುಂಡು ನಗರದ ನಡುವೆಯೇ ಇದೆ. ಮ್ಹಾತ್ರೆ ಸೇತುವೆಯ ಆಸುಪಾಸಿನಲ್ಲಿ ನದೀಪಾತ್ರದ ರಸ್ತೆಗೆ ಇಳಿದರೆ ಪೇಟೆಯ ಗದ್ದಲ ತಲೆಯ ಮೇಲಿನ ಮಟ್ಟಕ್ಕೆ ಸರಿಯುತ್ತದೆ. ಒಂದು ಪಕ್ಕ ನದಿ, ಮೇಲೆ ಕಂಬಗಳ ಮೇಲೆ ಓಡುವ ಮೆಟ್ರೊ, ದಾರಿಯುದ್ದಕ್ಕೂ ಬಾಬಾ ಭಿಡೆ ಸೇತುವೆ, ದ್ವಿಚಕ್ರಿಗಳಿಗೂ ಪಾದಚಾರಿಗಳಿಗೂ ಮೀಸಲಾದ ಝಡ್ ಬ್ರಿಜ್, ಪಾಣಿಪತ್ ಕಾಲದಲ್ಲಿ ಮರದಿಂದ ಕಟ್ಟಿದ್ದಕ್ಕೆ ಇಂದಿಗೂ ಲಕಡಿ ಪೂಲ್ ಎನಿಸಿಕೊಳ್ಳುವ ಸಂಭಾಜಿ ಸೇತುವೆ, ಆಚೆ ಓಂಕಾರೇಶ್ವರ ದೇಗುಲ. ಹಸಿವಾದರೆ ದಂಡೆ ಹತ್ತಿ ಫರ್ಗ್ಯುಸನ್ ಕಾಲೇಜು ರಸ್ತೆಗೆ ಹೋಗಿ. ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು ಬೆಳೆಸಿದ ವೈಶಾಲಿ, ರೂಪಾಲಿಗಳಲ್ಲಿ ದೋಸೆಗೆ ಸರದಿ ಕಾಯಬೇಕಾಗುತ್ತದೆ ಅಷ್ಟೆ. ಕನ್ನಡದ ನಂಟು ಅಲ್ಲಿಗೇ ಮುಗಿಯುವುದಿಲ್ಲ: ಮ್ಹಾತ್ರೆ ಸೇತುವೆಗೆ ದೂರವಲ್ಲದ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಶಾಲೆಯಿದೆ.

ನದಿಯ ವಾಸನೆಯ ಬಗ್ಗೆ ಮೊದಲೇ ಹೇಳಿಬಿಡಬೇಕು. ಖಡಕವಾಸಲಾದ ನೀರು ಕುಡಿಯಲು ನಗರಕ್ಕೂ, ಕಾಲುವೆಯಲ್ಲಿ ಹೊಲಗಳಿಗೂ ಹೋಗುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ನದಿಯಲ್ಲಿ ಹರಿಯುವುದು ಬಹುಪಾಲು ಊರು ಬಳಸಿ ಬಿಟ್ಟ ನೀರು. ಅದು ಭೀಮೆಯನ್ನು ಸೇರಿ, ಉಜನಿ ಜಲಾಶಯದಲ್ಲಿ ತಂಗಿ, ಪಂಢರಪುರ ದಾಟಿ, ವಿಜಯಪುರ–ಕಲಬುರಗಿಯ ಗಡಿಯಲ್ಲಿ ನಮ್ಮದಾಗುತ್ತದೆ. ಗಾಣಗಾಪುರದಲ್ಲಿ ಮುಳುಗು ಹಾಕುವವರ ನೀರಿನಲ್ಲಿ ಪುಣೆಯ ಪಾಲೂ ಇದೆ. ಹಾಗಾಗಿ ಮುಠಾ ಶುದ್ಧವಾಗುವುದು ಬಿಡುವುದು ಪುಣೇಕರರ ಮನೆವಾರ್ತೆ ಮಾತ್ರವಲ್ಲ.

ಮುಠಾ ನದಿ ಮುಳಾ ನದಿಯನ್ನು ಕೂಡುವ ಸಂಗಮದ ದಡದಲ್ಲೇ 1854ರಲ್ಲಿ ಹುಟ್ಟಿದ ಎಂಜಿನಿಯರಿಂಗ್ ಕಾಲೇಜಿದೆ. ವಿಶ್ವೇಶ್ವರಯ್ಯನವರು 1883ರಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಹೊರಬಂದದ್ದು ಇಲ್ಲಿಂದ. ಇಲ್ಲಿಂದ ಮುಂದೆ ಬಂಡ್ ಗಾರ್ಡನ್. ಜಮ್‌ಶೇಟ್‌ಜಿ ಜೀಜೀಭಾಯ್ ಕೊಟ್ಟ ಹಣದಿಂದ ಕಟ್ಟಿದ ಒಡ್ಡು, 1867ರ ಕಲ್ಲಿನ ಫಿಟ್ಜ್‌ಜೆರಾಲ್ಡ್ ಸೇತುವೆ. ಪಾಲಿಕೆಯ 44 ಕಿ.ಮೀ. ಉದ್ದದ ನದೀತೀರ ಯೋಜನೆಗೆ 2022ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿತ್ತು; ಮೊದಲು ಕೆಲಸ ಶುರುವಾದ ತುಂಡುಗಳಲ್ಲಿ ಬಂಡ್ ಗಾರ್ಡನ್‌ನದೂ ಒಂದು. ಎರಡೂ ದಡದಲ್ಲಿ ನಡೆಯಲು, ಸೈಕಲ್ ತುಳಿಯಲು ಕಡಿಯದ ದಾರಿ ಕೊಡುತ್ತೇವೆ ಎನ್ನುತ್ತದೆ ಯೋಜನೆ. ಸವಾರನಿಗೆ ಇದಕ್ಕಿಂತ ಬೇರೇನು ಬೇಕು ಅನ್ನಿಸಬಹುದು. ಆದರೆ ದಡದ ಮರಗಳಿಗಾಗಿ 2023ರಲ್ಲಿ ಜನ ‘ಚಿಪ್ಕೊ’ ಮೆರವಣಿಗೆ ನಡೆಸಿದರು. ಪಾತ್ರ ಕಿರಿದಾದರೆ ಪ್ರವಾಹ ಎಲ್ಲಿಗೆ ಹೋಗಬೇಕು ಎಂಬ ಅವರ ಪ್ರಶ್ನೆ 1961 ಕಂಡ ಊರಿನಲ್ಲಿ ಹಗುರವಾದದ್ದಲ್ಲ. ನನ್ನನ್ನು ಕೇಳಿದರೆ, ಹೊಂಗೆ, ಜಾಲಿಗಳ ನಡುವಿನ ಮಣ್ಣಿನ ದಾರಿಯೇ ಸಾಕು. ಕಾಂಕ್ರೀಟ್ ಗೋಡೆಯ ಮೇಲೆ ಸೈಕಲ್ ತುಳಿದು ನದಿ ನೋಡಿದೆ ಎನ್ನಲಾಗದು. ಯೆರವಡಾ ದಡದಲ್ಲಿ ಜನ ಸಲೀಂ ಅಲಿಯವರ ಹೆಸರಿಟ್ಟು ಕಾಪಾಡಿಕೊಂಡು ಬಂದಿರುವ ಪಕ್ಷಿಧಾಮದ ಬಳಿ ಒಂದು ಗಳಿಗೆ ನಿಂತರೆ ಈ ಮಾತು ತಾನೇ ಅರ್ಥವಾಗುತ್ತದೆ.

ಮುಂಢವಾ, ಮಾಂಜರಿಗಳನ್ನು ಬೇಗ ದಾಟಿಬಿಡಿ. ಆಮೇಲೆ ಕಬ್ಬಿನ ಗದ್ದೆ, ಟ್ರ್ಯಾಕ್ಟರ್ ದಾರಿ. ಲೋಣಿ ಕಾಳಭೋರ್‌ಗೆ ಮುಂಚೆ ಸಿಗುವ ಕವಡಿಪಾಟ್‌ನಲ್ಲಿ ನದಿಗೆ ಅಡ್ಡಲಾಗಿ ತಗ್ಗಾದ ಬಾಂದಾರವಿದೆ. ಚಳಿಗಾಲದ ಬೆಳಗಿನಲ್ಲಿ ಅಲ್ಲಿ ಕೇಸರಿ ಬಣ್ಣದ ಚಕ್ರವಾಕಗಳು, ಮೆಟ್ಟುಗಾಲು ಹಕ್ಕಿಗಳು, ಮಿಂಚುಳ್ಳಿ, ನೀರುಕಾಗೆ. ಅವುಗಳ ಪಕ್ಕದಲ್ಲೇ ನೊರೆ, ಅಂತರಗಂಗೆ, ಊರಿಂದ ತೇಲಿಬಂದ ಪ್ಲಾಸ್ಟಿಕ್ಕು. ಕ್ಯಾಮೆರಾ ಹಿಡಿದವರು ಕಸ ಬಿಟ್ಟು ಹಕ್ಕಿಯನ್ನಷ್ಟೇ ಚೌಕಟ್ಟಿಗೆ ತರಲು ಪಡುವ ಪಾಡು ನೋಡುವಂಥದ್ದು.

ಕೊನೆಯ ನಿಲುಗಡೆ ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ಥೇವೂರು. ನದಿ ಬಳಸಿ ಹರಿಯುವ ಈ ಊರಿನಲ್ಲಿ ಚಿಂತಾಮಣಿ ಗಣಪತಿಯ ಭಕ್ತನಾಗಿದ್ದ ಪೇಶ್ವೆ ಮಾಧವರಾವ್ 1772ರ ನವೆಂಬರ್ 18ರಂದು ತೀರಿಕೊಂಡ. ಹೈದರಾಲಿಯನ್ನು ಯುದ್ಧಗಳಲ್ಲಿ ಹಣಿದವನು ಅವನೇ. ಆತನ ಪತ್ನಿ ರಮಾಬಾಯಿಯ ಸತಿ ಸ್ಮಾರಕ ನದಿ ದಂಡೆಯಲ್ಲಿದೆ.

ಹೊರಡಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಗೇರಿಲ್ಲದ ಸಾಮಾನ್ಯ ಸೈಕಲ್ಲೇ ಸಾಕು. ಜಾಲಿಮುಳ್ಳಿನ ದಾರಿಯಾದ್ದರಿಂದ ಪಂಕ್ಚರ್ ಸಾಮಾನು, ಪಂಪು ಮರೆಯಬೇಡಿ. ಸೋಲಾಪುರ ಹೆದ್ದಾರಿಯನ್ನು ಕತ್ತಲಲ್ಲಿ ಹಿಡಿಯಬೇಡಿ. ಮಳೆಗಾಲದಲ್ಲೇ ಹೋಗಬೇಕೆಂದರೆ ಖಡಕವಾಸಲಾದಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದು ಅಂದಿನ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಭಿಡೆ ಸೇತುವೆ ನೀರಿನಡಿ ಹೋಗಿದ್ದರೆ ನದೀಪಾತ್ರದ ರಸ್ತೆಗೆ ಇಳಿಯಲೇಬಾರದು. ಅಂದು ಪೇಟೆಯ ಒಳದಾರಿಯೇ ಗತಿ.