ಒಲೆಯೊಳಗೆ ‘ಚುಂಯ್’ ಎಂದದ್ದು ಯಾವ ಹನಿ?

ಮಳೆಗಾಲದ ಬೆಳಗು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆಯ ಒಂದು ಮನೆ. ಬಚ್ಚಲೊಲೆಗೆ ಬೆಂಕಿ ಹಾಕಿ ಐದು ನಿಮಿಷ ಆಗಿರುವುದಿಲ್ಲ, ಒಳಗಿನಿಂದ ‘ಚುಂಯ್’ ಎಂಬ ಸದ್ದು!

“ಅಜ್ಜಾ, ಹಂಡೆ ಮತ್ತೆ ಸೋರ್ತಾ ಇದೆ!”

“ಹೋದ ವರ್ಷ ತಾನೇ ಬೆಸುಗೆ ಹಾಕ್ಸಿದ್ದಲ್ಲ ಮಾರಾಯ!”

“ಗುಜರಿಗೆ ಹಾಕಿ ಗೀಸರ್ ತರೋಣ” ಎನ್ನುತ್ತಾರೆ ಅಪ್ಪ. “ಮಳೆಗಾಲದಲ್ಲಿ ಕರೆಂಟ್ ಎಲ್ಲಿರ್ತದೆ?” ಎನ್ನುತ್ತಾರೆ ಅಜ್ಜಿ.

ಹಳೆಯ ತಾಮ್ರದ ಹಂಡೆ ಇರುವ ಮನೆಗಳಲ್ಲಿ ಇದು ಪರಿಚಿತ ಮಾತು. ಆದರೆ ಮಕ್ಕಳೇ, ಒಲೆಗೆ ಬೀಳುವ ಹನಿಯೆಲ್ಲ ಸೋರಿಕೆಯಲ್ಲ. ಹಂಡೆಗೆ ಔಷಧ ಮಾಡುವ ಮೊದಲು ಹನಿ ಎಲ್ಲಿಂದ ಬಂತು ಎಂದು ಪತ್ತೆ ಮಾಡಬೇಕು.

ಮೊದಲನೆಯದು ಬೆವರಿನ ಹನಿ. ಸೌದೆ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹೊರಡುತ್ತದೆ. ಸೌದೆ ಹಸಿಯಾಗಿದ್ದರೆ ಇನ್ನೂ ಹೆಚ್ಚು. ಆ ಆವಿ ತಣ್ಣೀರು ತುಂಬಿದ ಹಂಡೆಯ ತಳಕ್ಕೆ ತಾಗಿ ಹನಿಯಾಗಿ ಬೀಳುತ್ತದೆ. ನೀರು ಚೆನ್ನಾಗಿ ಬಿಸಿಯಾದ ಮೇಲೆ ಈ ಹನಿ ತಾನಾಗಿ ನಿಲ್ಲುತ್ತದೆ. ನಿಜವಾದ ಸೋರಿಕೆ ನಿಲ್ಲುವುದಿಲ್ಲ.

ಎರಡನೆಯದು ಉಕ್ಕಿದ ಹನಿ. ಬಿಸಿಯಾದ ನೀರು ಹಿಗ್ಗುತ್ತದೆ. 20 ಡಿಗ್ರಿಯ 100 ಲೀಟರ್ ನೀರು 80 ಡಿಗ್ರಿಗೆ ಕಾದರೆ ಎರಡೂವರೆ ಲೀಟರಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಅಂಚಿನವರೆಗೆ ತುಂಬಿದ ಹಂಡೆ ಇದರಿಂದ ತುಳುಕುತ್ತದೆ. ಮುಚ್ಚಿದ ಬಾಯ್ಲರ್ ಇದ್ದ ಮನೆಯಲ್ಲಿ ಹೆಚ್ಚಾದ ನೀರು ತೆರೆದ ಕೊಳವೆಯಿಂದ ತೊಟ್ಟಿಕ್ಕುತ್ತದೆ. ಆ ಕೊಳವೆಯ ಬಾಯಿಗೆ ಬಟ್ಟೆ ತುರುಕಿ ‘ಸೋರಿಕೆ ನಿಲ್ಲಿಸಿದೆ’ ಎಂದು ಯಾರೂ ಬೀಗಬಾರದು! 1 ಲೀಟರ್ ನೀರು ಕುದಿದು ಪೂರ್ತಿ ಹಬೆಯಾದರೆ ಅದಕ್ಕೆ 1,600 ಲೀಟರಿಗೂ ಹೆಚ್ಚು ಜಾಗ ಬೇಕು. ಹೋಗಲು ದಾರಿ ಇಲ್ಲದ ಹಬೆ ಬಾಯ್ಲರನ್ನೇ ಒಡೆದೀತು.

ಮೂರನೆಯದೇ ನಿಜವಾದ ಸೋರಿಕೆ. ಇದನ್ನು ಹಿಡಿಯಲು ಸುಲಭ ಉಪಾಯವಿದೆ. ರಾತ್ರಿ ಒಲೆ ಪೂರ್ತಿ ಆರಿದ ಮೇಲೆ ಹಂಡೆಗೆ ತಣ್ಣೀರು ತುಂಬಿ, ಕೆಳಗೆ ಒಣ ಬೂದಿ ಹರಡಿ. ಬೆಳಿಗ್ಗೆ ಬೂದಿಯಲ್ಲಿ ಗುಳಿ ಬಿದ್ದು ಒದ್ದೆಯಾಗಿದ್ದರೆ, ತೂತು ಅದರ ಮೇಲೆಯೇ ಎಲ್ಲೋ ಇದೆ. ಹಂಡೆಯನ್ನು ಒಲೆಯಿಂದ ತೆಗೆದಾಗ ಮಸಿ ಉಜ್ಜಿ, ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಾದರೂ ನಕ್ಷತ್ರದ ಹಾಗೆ ಹೊಳೆಯುತ್ತದೆ. ನಲ್ಲಿ ಇರುವ ಹಂಡೆಯಾದರೆ ಅದರ ಬುಡವನ್ನೂ ಒರೆಸಿ ನೋಡಿ. ಎಷ್ಟೋ ಸಲ ಒಂದು ವಾಷರ್ ಬದಲಿಸಿದರೆ ಸಾಕು.

ಸರಿ, ಬೆಸುಗೆ ಹಾಕಿಸಿದ ಹಂಡೆ ಮತ್ತೆ ಮತ್ತೆ ಸೋರುವುದೇಕೆ? ತಾಮ್ರ ಕರಗಲು 1,085 ಡಿಗ್ರಿ ಬೇಕು. ಬೆಸುಗೆಯ ತವರ 232 ಡಿಗ್ರಿಗೇ ಕರಗುತ್ತದೆ. ಸೀಸ ಬೆರೆತ ತವರ 183 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ಹಂಡೆಯಲ್ಲಿ ನೀರಿರುವಷ್ಟು ಹೊತ್ತು ಹೆದರಿಕೆಯಿಲ್ಲ. ನೀರು 100 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತ ತಳದ ಶಾಖವನ್ನು ಹೀರಿಕೊಳ್ಳುತ್ತದೆ. ಎಲ್ಲರೂ ಮಿಂದು ನೀರು ಖಾಲಿಯಾದ ಮೇಲೂ ಒಲೆಯಲ್ಲಿ ಬೆಂಕಿ ಉರಿಯುತ್ತಿದ್ದರೆ? ತಳ ಕಾದು ಬೆಸುಗೆ ಸಡಿಲವಾಗುತ್ತದೆ. ಅಬ್ಬಿ ನೀರಿನ ಜೊತೆ ಬಂದ ಮಣ್ಣು, ಮರಳು ತಳದಲ್ಲಿ ದಪ್ಪವಾಗಿ ಕೂತಿದ್ದರೂ ಅಷ್ಟೇ. ನೀರು ತಾಮ್ರಕ್ಕೆ ತಾಗದೆ ಆ ಜಾಗ ಅತಿಯಾಗಿ ಕಾಯುತ್ತದೆ.

ಆದ್ದರಿಂದ ಬೆಂಕಿ ತಾಗುವ ತಳಕ್ಕೆ ತವರದ ಬೆಸುಗೆಯಾಗಲಿ, ಅಂಗಡಿಯ ಅಂಟಾಗಲಿ ಬಹಳ ದಿನ ಬಾಳುವುದಿಲ್ಲ. 600 ಡಿಗ್ರಿಗೂ ಮೇಲೆ ಕರಗುವ, ಹಿತ್ತಾಳೆಯದೋ ಬೆಳ್ಳಿ ಬೆರೆತದ್ದೋ ಗಟ್ಟಿ ಬೆಸುಗೆಯನ್ನು ತಾಮ್ರದ ಕೆಲಸ ಬಲ್ಲವರಿಂದಲೇ ಹಾಕಿಸಬೇಕು. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುವಷ್ಟು ತಳ ತೆಳುವಾಗಿದ್ದರೆ ತೇಪೆ ಹಾಕಿ ಪ್ರಯೋಜನವಿಲ್ಲ. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಆಗ ಹೊಸ ತಳವನ್ನೇ ಹಾಕಿಸುವುದು ಲೇಸು. ಹಳೆಯ ಬೆಸುಗೆಯಲ್ಲಿ ಸೀಸ ಇರಬಹುದು, ಹಾಗಾಗಿ ಹಂಡೆಯ ನೀರು ಮೀಯಲು ಮಾತ್ರ. ಕುಡಿಯಲು, ಅಡುಗೆಗೆ ಬೇಡ.

ಮಕ್ಕಳೇ, ಒಂದು ಎಚ್ಚರಿಕೆ. ಬರಿದಾಗಿ ಕಾದ ಹಂಡೆ ಕಂಡರೆ ಗಾಬರಿಯಿಂದ ತಣ್ಣೀರು ಸುರಿಯಬೇಡಿ. ಹಬೆ ಭಗ್ಗನೆ ಎದ್ದು ಮುಖ ಸುಟ್ಟೀತು. ದೊಡ್ಡವರನ್ನು ಕರೆಯಿರಿ, ಅವರು ಕೊಳ್ಳಿಗಳನ್ನು ಹೊರಗೆಳೆಯಲಿ, ಹಂಡೆ ತಾನಾಗಿ ಆರಲಿ.

ಉಳಿದದ್ದು ಮನೆಮಂದಿಯ ಅಭ್ಯಾಸ. ಕೊನೆಗೆ ಮಿಂದವರು ನಾಲ್ಕು ಕೊಡ ನೀರು ಹಾಕಿ ಬರಲಿ. ತಿಂಗಳಿಗೊಮ್ಮೆ ತಳದ ಮರಳು ತೆಗೆಯಲಿ. ದೀಪಾವಳಿಗೆ ನೀರು ತುಂಬುವ ಹಬ್ಬ ಬಂದೇ ಬರುತ್ತದೆ. ಹೇಗೂ ಅಂದು ಹಂಡೆ ತಿಕ್ಕಿ ಬೆಳಗಿ, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಪೂಜೆ ಮಾಡುತ್ತೇವಲ್ಲ? ಈ ಸಲ ಅದಕ್ಕೆ ಒಂದು ವಾರ ಮೊದಲೇ ಅಜ್ಜನ ಜೊತೆ ಟಾರ್ಚ್ ಹಿಡಿದು ಕುಳಿತುಕೊಳ್ಳಿ. ತೂತು ಕಂಡರೆ ಬೆಸುಗೆಗೆ ಸಮಯವಿರುತ್ತದೆ. ಕಾಣದಿದ್ದರೆ, ಮಳೆಗಾಲವಿಡೀ ‘ಚುಂಯ್’ ಎಂದದ್ದು ಬರೀ ಹಂಡೆಯ ಬೆವರು ಎಂದು ಅಪ್ಪನಿಗೆ ಹೇಳಿ!