ಕೌ ಎಂದಾಗ ಕೇಳಿಸಿದ ಗೋವು

ಕಳೆದ ಮಳೆಗಾಲದ ಒಂದು ಸಂಜೆ. ಸಾಗರದ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಿಂದ ತಂದ ಪ್ರಾಣಿಗಳ ಚಾರ್ಟನ್ನು ಜಗಲಿಯ ಗೋಡೆಗೆ ತೂಗುಹಾಕಿದೆ. ನಾಲ್ಕು ಸಾಲು ಬಣ್ಣದ ಚಿತ್ರ, ಪ್ರತಿ ಚಿತ್ರದ ಕೆಳಗೆ ಇಂಗ್ಲಿಷ್ ಹೆಸರು. ತಂದದ್ದು ಮಕ್ಕಳಿಗಲ್ಲ, 68 ವರ್ಷದ ನನ್ನ ಅಮ್ಮನಿಗೆ. ಅಕ್ಕನ ಸಂಸಾರ ಇಂಗ್ಲೆಂಡಿನಲ್ಲಿದೆ. ಐದು ವರ್ಷದ ಮೊಮ್ಮಗಳು ಭಾನುವಾರ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಕೊಟ್ಟಿಗೆ ತೋರಿಸು ಎಂದು ಹಟ ಹಿಡಿಯುತ್ತಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದು ಮಾತ್ರ ಇಂಗ್ಲಿಷು. "ನಾಲ್ಕು ಪ್ರಾಣಿ ಹೆಸರಾದರೂ ಕಲಿಸಿಕೊಡು ಮಾರಾಯ, ಕೂಸಿನ ಹತ್ರ ಮಾತಾಡಬೇಕು" ಎಂದು ಅಮ್ಮ ಕೇಳಿದ್ದಳು.

ಮೊದಲ ಚಿತ್ರಕ್ಕೆ ಬೆರಳಿಟ್ಟೆ. "ಇದು ಕೌ."

ಅಮ್ಮ ಒಂದು ಗಳಿಗೆ ಸುಮ್ಮನಾದಳು. ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು. ಆಮೇಲೆ ನನ್ನ ಮುಖ ನೋಡಿ, "ಅಲ್ದಾ, ಕೌ ಅಂದ್ರೂ ಗೋವು ಅಂದ ಹಾಗೇ ಕೇಳ್ತದಲ!" ಎಂದಳು.

ನಕ್ಕು ಮುಂದಿನ ಚಿತ್ರಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಆ ರಾತ್ರಿ ನಿಘಂಟು ತೆರೆದೆ. ತೆರೆದವನು ವಾರಗಟ್ಟಲೆ ಮುಚ್ಚಲಿಲ್ಲ! ಏಕೆಂದರೆ ಶಾಲೆಯ ಮೆಟ್ಟಿಲನ್ನು ನಾಲ್ಕೇ ವರ್ಷ ಹತ್ತಿದ ನನ್ನ ಅಮ್ಮನ ಕಿವಿ ಹೇಳಿದ್ದು ಅಕ್ಷರಶಃ ನಿಜ. ಕೌ ಮತ್ತು ಗೋ ಒಂದೇ ಬೇರಿನ ಎರಡು ಚಿಗುರುಗಳು.

ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 1786ರ ಫೆಬ್ರವರಿ 2ರಂದು ಏಷ್ಯಾಟಿಕ್ ಸೊಸೈಟಿಯ ಸಭೆಯಲ್ಲಿ ಒಂದು ಮಾತು ಹೇಳಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹೊರಟಿರಬೇಕು, ಆ ಮೂಲಭಾಷೆ ಬಹುಶಃ ಈಗ ಉಳಿದಿಲ್ಲ ಎಂದ. ಇಂಗ್ಲಿಷಿನ ಪೂರ್ವಜ ಭಾಷೆಯೂ ಅದೇ ಬಳಗದ್ದು. ಆ ಕವಲಿನಲ್ಲಿ ಹಳೆಯ ಗಕಾರ ಗಟ್ಟಿಯಾಗಿ ಕಕಾರವಾಯಿತು. ಇದು ಎಲ್ಲೋ ಒಂದು ಪದದಲ್ಲಿ ನಡೆದ ಆಕಸ್ಮಿಕವಲ್ಲ. ಪದದಿಂದ ಪದಕ್ಕೆ ತಪ್ಪದೆ ನಡೆದ ನಿಯಮ. ಯಾಕೋಬ್ ಗ್ರಿಮ್ ಇಂಥ ಧ್ವನಿಪಲ್ಲಟಗಳ ಸೂತ್ರವನ್ನು 1822ರಲ್ಲಿ ವಿವರಿಸಿದ. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯನೇ ಇವನು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಹಸುವನ್ನು ಕರೆಯುತ್ತಿದ್ದದ್ದು "ಕೂ" ಎಂದು. ನಮ್ಮ "ಗೋ" ಎಲ್ಲಿ, ಅವರ "ಕೂ" ಎಲ್ಲಿ! ನಡುವೆ ಎಷ್ಟು ಬೆಟ್ಟ, ಎಷ್ಟು ಮರುಭೂಮಿ, ಎಷ್ಟು ಸಮುದ್ರ!

ಮರುದಿನದ ಪಾಠ ಮೌಸ್. ಈಗ ನಾನೇ ಕಾದು ಕುಳಿತಿದ್ದೆ. "ಅಮ್ಮ, ಗಣಪತಿ ಕೂರುವುದು ಯಾವುದರ ಮೇಲೆ?" "ಮೂಷಿಕ" ಎಂದವಳು ತಾನೇ ಬೆರಗಾದಳು. ಮೂಷಿಕ, ಮೌಸ್. ಹಳೆಯ ಇಂಗ್ಲಿಷಿನಲ್ಲಿ "ಮೂಸ್", ಲ್ಯಾಟಿನ್ನಿನಲ್ಲಿ "ಮುಸ್". ಚೌತಿಯ ದಿನ ಮಣ್ಣಿನ ಗಣಪನ ಕಾಲ ಬಳಿ ಕೂರುವ ಪುಟ್ಟ ಜೀವಿಯ ಹೆಸರೇ ಇಂದು ಕಂಪ್ಯೂಟರಿನ ಪಕ್ಕ ನನ್ನ ಅಂಗೈಯೊಳಗಿದೆ!

ತೋಳದ ಚಿತ್ರದ ಕೆಳಗೆ ವುಲ್ಫ್ ಎಂದಿತ್ತು. ಸಂಸ್ಕೃತದಲ್ಲಿ ವೃಕ. ಭೀಮನ ಹಸಿವು ಗೊತ್ತಿದ್ದವರಿಗೆಲ್ಲ ವೃಕೋದರ ಎಂಬ ಹೆಸರು ಗೊತ್ತು. ತೋಳದ ಹೊಟ್ಟೆಯವನು ಎಂದರ್ಥ. ವುಲ್ಫ್, ವೃಕ ಎರಡೂ ಒಂದೇ ಮೂಲದವು. ಗೂಸ್‌ಗೆ ಹಂಸ ಬಂಧು. ಬೇಟೆನಾಯಿಗೆ ಇಂಗ್ಲಿಷಿನವರು ಹೇಳುವ ಹೌಂಡ್‌ಗೆ ನಮ್ಮ ಪೊಲೀಸರ ಶ್ವಾನದಳದ ಶ್ವಾನ ಬಂಧು. ಗೋವು, ಮೂಷಿಕ, ಹಂಸಗಳೆಲ್ಲ ಸಂಸ್ಕೃತದ ಕೈಹಿಡಿದು ಕನ್ನಡದ ಮನೆಗೆ ಬಂದವು. ಇಲಿ, ನಾಯಿ, ಆನೆ, ಹುಲಿ, ಹಂದಿ ಈ ಮಣ್ಣಿನವೇ, ತಮಿಳು ತೆಲುಗುಗಳ ಒಡಹುಟ್ಟುಗಳು. ಒಂದೇ ಕನ್ನಡದ ಹಟ್ಟಿಯಲ್ಲಿ ಎರಡು ಮಹಾವಂಶಗಳ ಪ್ರಾಣಿಗಳು ಜೊತೆಯಾಗಿ ಮೇಯುತ್ತಿವೆ ಎಂಬುದು ನನಗೆ ಹೊಳೆದದ್ದೇ ಆಗ. ಈ ಸಂಪತ್ತು ಎಷ್ಟು ಜನರಿಗಿದೆ!

ಮೂರನೆಯ ಸಾಲಿನಲ್ಲಿ ಜಿಂಕೆ. ಡಿಯರ್. ಇಲ್ಲಿ ನಾನು ನಿಜಕ್ಕೂ ಕುರ್ಚಿಯಿಂದ ಎದ್ದು ನಿಂತೆ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಜಿಂಕೆ ಎಂಬ ಅರ್ಥ ಮಾತ್ರ ಇರಲಿಲ್ಲ. ಕಾಡಿನ ಯಾವ ಪ್ರಾಣಿಯಾದರೂ ಅದೇ ಹೆಸರು. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟಾದ "ಟೀರ್" ಇಂದಿಗೂ ಪ್ರಾಣಿ ಎಂಬ ಅರ್ಥದಲ್ಲೇ ಇದೆ. ಇಂಗ್ಲಿಷಿನಲ್ಲಿ ಮಾತ್ರ ಅರ್ಥ ಕಿರಿದಾಗುತ್ತಾ ಬಂದು, ಬೇಟೆಗಾರರು ಹೆಚ್ಚು ಬೆನ್ನಟ್ಟಿದ ಒಂದೇ ಪ್ರಾಣಿಗೆ ಅಂಟಿಕೊಂಡಿತು.

ಈಗ ನಮ್ಮ ಮೃಗವನ್ನು ನೋಡಿ. ಮೈಸೂರಿನಲ್ಲಿ 1892ರಿಂದ ಇರುವುದು ಮೃಗಾಲಯ. ಅಲ್ಲಿ ಆನೆಯೂ ಮೃಗ, ಹುಲಿಯೂ ಮೃಗ. ಆದರೆ ಮೃಗನಯನಿ ಎಂದರೆ? ಜಿಂಕೆಯ ಕಣ್ಣಿನವಳು. ರೈತರು ಬಿತ್ತನೆಗೆ ಕಾಯುವ ಮೃಗಶಿರಾ ಮಳೆಯ ನಕ್ಷತ್ರವೆಂದರೆ ಜಿಂಕೆಯ ತಲೆ. ಡಿಯರ್ ಮತ್ತು ಮೃಗ ನೆಂಟರಲ್ಲ, ಬೇರು ಬೇರೆ ಬೇರೆ. ಆದರೂ ಎರಡೂ ಸವೆಸಿದ್ದು ಒಂದೇ ದಾರಿ! ಇಲ್ಲೂ ಅಲ್ಲೂ ಕಾಡಿನ ಅಂಚಿನಲ್ಲಿ ನಿಂತ ಮನುಷ್ಯ "ಪ್ರಾಣಿ!" ಎಂದು ಕೂಗಿದಾಗ ಅವನ ಕಣ್ಣೆದುರು ನೆಗೆದದ್ದು ಜಿಂಕೆಯೇ ಇರಬೇಕು.

ಬರಿಯ ಹೋಲಿಕೆಯಲ್ಲ, ನಾವು ಕೊಟ್ಟದ್ದೂ ಇದೆ. ಹಾವು ಮುಂಗುಸಿಯಂತೆ ಆಡಬೇಡಿ ಎಂದು ಜಗಳವಾಡುವ ಮಕ್ಕಳಿಗೆ ಗದರುತ್ತೇವಲ್ಲ, ಆ ಮುಂಗುಸಿಯೇ ಇಂಗ್ಲಿಷಿನ ಮಂಗೂಸ್! ಇಂಗ್ಲಿಷರು ಅದನ್ನು ಮರಾಠಿಯ "ಮುಂಗೂಸ್" ಎಂಬ ರೂಪದಿಂದ ಎತ್ತಿಕೊಂಡರು. ಮರಾಠಿಗೆ ಅದು ದ್ರಾವಿಡ ನುಡಿಗಳಿಂದ ಹೋಗಿರಬೇಕು ಎನ್ನುತ್ತಾರೆ ನಿಘಂಟುಕಾರರು. ಗೂಸ್‌ನ ಬಹುವಚನ ಗೀಸ್ ಎಂದು ಕಲಿತ ಮಗು ಮಂಗೂಸ್‌ಗೆ ಮಂಗೀಸ್ ಎಂದು ಬರೆದರೆ ಶಿಕ್ಷಕರು ತಪ್ಪು ಹಾಕುತ್ತಾರೆ. ಸರಿಯಾದದ್ದು ಮಂಗೂಸಸ್. ಯಾಕೆ ಎಂದು ಆ ಮಗುವಿಗೆ ಹೇಳಿ: ಅದರೊಳಗೆ ಹಂಸವಿಲ್ಲ ಕಂದಾ, ನಮ್ಮ ಬೇಲಿಯ ಮುಂಗುಸಿ ಇದೆ!

ಹೆಗ್ಗಣದ ಕಥೆ ಇನ್ನೂ ದೊಡ್ಡದು. ಇಂಗ್ಲಿಷಿನ ಬ್ಯಾಂಡಿಕೂಟ್ ತೆಲುಗಿನ "ಪಂದಿಕೊಕ್ಕು". ಪಂದಿ ಎಂದರೆ ಹಂದಿ, ಒಟ್ಟು ಅರ್ಥ ಹಂದಿಯಿಲಿ. ಹಳಗನ್ನಡದಲ್ಲಿ ನಾವೂ ಪಂದಿ ಎಂದೇ ಹೇಳುತ್ತಿದ್ದೆವು, ಪಾಲು ಹಾಲಾದಂತೆ ಪಂದಿ ಹಂದಿಯಾಯಿತು. ಗದ್ದೆಯ ಬದು ಕೊರೆಯುವ ಈ ಬಡಪಾಯಿಯ ಹೆಸರು ಹಡಗು ಹತ್ತಿ ಆಸ್ಟ್ರೇಲಿಯಾ ಸೇರಿ, ಹೊಟ್ಟೆಚೀಲದಲ್ಲಿ ಮರಿ ಸಾಕುವ, ಹೆಗ್ಗಣವೇ ಅಲ್ಲದ ಪ್ರಾಣಿಯ ಹೆಸರಾಗಿ ಕುಳಿತಿದೆ. ಚೀತಾ ಕೂಡ ನಮ್ಮ ದೇಶದಿಂದಲೇ ಹೋದದ್ದು. ಹಿಂದಿಯ ಚೀತಾ, ಅದರ ಹಿಂದೆ ಸಂಸ್ಕೃತದ ಚಿತ್ರಕ, ಅಂದರೆ ಚುಕ್ಕೆಗಳುಳ್ಳದ್ದು. ಕನ್ನಡದಲ್ಲಿ ಇದರ ಹೆಸರು ಸಿವಂಗಿ. ಚಿರತೆ ಬೇರೆ, ಅದು ಲೆಪರ್ಡ್. ಈ ದೇಶದಿಂದ ಸಿವಂಗಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಸಿವಂಗಿಗಳು ಮಧ್ಯಪ್ರದೇಶದ ಕುನೋಗೆ ಬಂದಿಳಿದವು. ಹೆಸರು ಇಲ್ಲಿಂದ ಹೊರಟಿತ್ತು, ಪ್ರಾಣಿ ಆ ಹೆಸರು ಹೊತ್ತು ಇಲ್ಲಿಗೆ ಬಂತು!

ಕೆಲವು ಹೆಸರುಗಳನ್ನು ಒಡೆದರೆ ಒಳಗೆ ಚಿತ್ರಗಳೇ ಸಿಗುತ್ತವೆ. ಪೋರ್ಕುಪೈನ್ ಎಂಬ ಉದ್ದ ಹೆಸರಿಗೆ ಅಮ್ಮ ಹೆದರಿದ್ದಳು. ಹಳೆಯ ಫ್ರೆಂಚಿನಿಂದ ಬಂದ ಪದವದು. ಮೊದಲ ಭಾಗ ಹಂದಿ, ಎರಡನೆಯ ಭಾಗ ಮುಳ್ಳು. "ಅಂದ್ರೆ ಮುಳ್ಳುಹಂದಿ ಅಂತ್ಲೇ ಆಯ್ತಲ, ಇಷ್ಟಕ್ಕೆ ಯಾಕೆ ಹೆದರಿಸಿದ್ಯ!" ಎಂದಳು. ಅಳಿಲಿನ ಸ್ಕ್ವಿರಲ್ ಎಂಬ ಹೆಸರಿನ ತಳದಲ್ಲಿ ಗ್ರೀಕಿನ ಎರಡು ಪದಗಳಿವೆ ಎಂಬುದು ಬಹುಕಾಲದ ವಿವರಣೆ: ನೆರಳು ಮತ್ತು ಬಾಲ. ತನ್ನ ಬಾಲದ ನೆರಳಿನಲ್ಲಿ ತಾನೇ ಕೂರುವ ಜೀವಿ! ಹೆಸರಿಡುವಾಗ ಆ ಗ್ರೀಕರು ಎಷ್ಟು ಹೊತ್ತು ಮರ ನೋಡುತ್ತಾ ನಿಂತಿದ್ದರೋ.

ಕುರಿಯ ಪಾಠದಲ್ಲಿ ಯುದ್ಧವೇ ಇತ್ತು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಳುವವರು ಫ್ರೆಂಚ್ ಮಾತಾಡಿದರು, ಆಳು ಮಕ್ಕಳು ಇಂಗ್ಲಿಷ್. ಹೊಲದಲ್ಲಿ ಕಾಯುವಾಗ ಅದು ಇಂಗ್ಲಿಷಿನ ಶೀಪ್, ದೊರೆಯ ತಟ್ಟೆಗೆ ಬಂದಾಗ ಫ್ರೆಂಚಿನ ಮಟನ್. ಸಾಕಿದವನ ಮಾತು ಕೊಟ್ಟಿಗೆಯಲ್ಲಿ ಉಳಿಯಿತು, ತಿಂದವನ ಮಾತು ಅಡುಗೆಮನೆಗೆ ಹೋಯಿತು. ನಮ್ಮೂರ ಹೋಟೆಲಿನ ಬೋರ್ಡಿನಲ್ಲಿ ಮಟನ್ ಎಂದು ಓದುವಾಗಲೆಲ್ಲ ಈಗ ನನಗೆ ಆ ಕುರುಬನ ನೆನಪಾಗುತ್ತದೆ.

ಒಂದು ದಿನ ಅಮ್ಮ ಚಾರ್ಟಿನ ಮುಂದೆ ನಿಂತು ಅತೃಪ್ತಿಯಿಂದ ತಲೆಯಾಡಿಸಿದಳು. "ಇದರಲ್ಲಿ ಬರೇ ಕೌ ಉಂಟು. ಇನ್ನೂ ಕರು ಹಾಕದ ಮಣಕಕ್ಕೆ ಎಂತ ಹೇಳ್ತಾರೆ? ಹೋರಿಗೆ? ಎತ್ತಿಗೆ? ಎಲ್ಲಕ್ಕೂ ಒಂದೇ ಹೆಸರಿಟ್ರೆ ಹಾಲು ಕೊಡೋದು ಯಾವುದು, ಹೂಡೋದು ಯಾವುದು ಅಂತ ಗೊತ್ತಾಗೋದು ಹೇಗೆ?" ದನ ಸಾಕಿದವಳ ಪ್ರಶ್ನೆ! ಹುಡುಕಿದರೆ ಎಲ್ಲಕ್ಕೂ ಹೆಸರಿತ್ತು. ಮಣಕಕ್ಕೆ ಹೆಫರ್, ಹೋರಿಗೆ ಬುಲ್, ಎತ್ತಿಗೆ ಆಕ್ಸ್, ಕರುವಿಗೆ ಕಾಫ್. ಚಾರ್ಟು ಬಡವಾಗಿತ್ತು, ಭಾಷೆ ಬಡವಾಗಿರಲಿಲ್ಲ. ಇಂಗ್ಲೆಂಡಿನ ಹಳ್ಳಿಯಲ್ಲೂ ಯಾರೋ ಒಬ್ಬಳು ಅಮ್ಮನಂತೆಯೇ ನಸುಕಿನಲ್ಲಿ ಕೊಟ್ಟಿಗೆಗೆ ಹೋಗಿ ಒಂದೊಂದನ್ನೂ ಬೇರೆ ಬೇರೆ ಹೆಸರು ಹಿಡಿದು ಗುರುತಿಸಿದ್ದಳು.

ಇವೆಲ್ಲಕ್ಕೂ ಸೇರಿ ಒಂದು ಪದ ಬೇಕಿತ್ತು. ಕ್ಯಾಟಲ್. ಇದರ ಮೂಲ ಅರ್ಥ ದನವಲ್ಲ, ಆಸ್ತಿ! ಬಂಡವಾಳಕ್ಕೆ ಹೇಳುವ ಕ್ಯಾಪಿಟಲ್ ಮತ್ತು ಈ ಕ್ಯಾಟಲ್ ಒಂದೇ ಲ್ಯಾಟಿನ್ ಪದದ ಮಕ್ಕಳು. ಅಮ್ಮನಿಗೆ ವಿವರಿಸುತ್ತಿದ್ದಂತೆ ನನ್ನ ಮಾತು ಗಂಟಲಲ್ಲೇ ನಿಂತಿತು. ನಾವು ದನ ಎನ್ನುತ್ತೇವಲ್ಲ, ಅದು ಸಂಸ್ಕೃತದ ಧನದ ತದ್ಭವವೇ ಅಲ್ಲವೇ! ಅಲ್ಲಿ ಆಸ್ತಿಯೇ ದನವಾಯಿತು, ಇಲ್ಲೂ ಧನವೇ ದನವಾಯಿತು. ಕೊಟ್ಟಿಗೆಯ ಮೂರು ಮಲೆನಾಡು ಗಿಡ್ಡಗಳ ಕಡೆ ನೋಡಿ ಅಮ್ಮ ಹೇಳಿದ್ದು ಇಷ್ಟೇ: "ಮತ್ತೆಂತದು? ಅದೇ ಅಲ್ದಾ ನಮ್ಮ ಆಸ್ತಿ."

ಕೊನೆಗೆ ಉಳಿದದ್ದು ಚಾರ್ಟಿನ ತಲೆಬರಹ. ಚಿತ್ರಗಳ ಸಂಭ್ರಮದಲ್ಲಿ ಅದನ್ನು ಓದಿಯೇ ಇರಲಿಲ್ಲ. ಅನಿಮಲ್ಸ್. ಲ್ಯಾಟಿನ್ನಿನ "ಅನಿಮಾ" ಎಂದರೆ ಉಸಿರು, ಜೀವ. ಉಸಿರು ಇರುವುದು ಅನಿಮಲ್. ಪ್ರಾಣ ಇರುವುದು ಪ್ರಾಣಿ. ಇದೂ ಬರೀ ಅರ್ಥದ ಹೋಲಿಕೆಯೇ? ಅಲ್ಲ! ಪ್ರಾಣ ಎಂಬ ಪದದೊಳಗೆ "ಅನ್" ಎಂಬ ಧಾತುವಿದೆ, ಉಸಿರಾಡು ಎಂದು ಅದರ ಅರ್ಥ. ಅನಿಮಾ ಹುಟ್ಟಿದ್ದೂ ಅದೇ ಮೂಲದಿಂದ. ಇಡೀ ಚಾರ್ಟಿನ ನೆತ್ತಿಯ ಮೇಲೆ, ಸಾವಿರಾರು ವರ್ಷ ಹಳೆಯದಾದ ಒಂದೇ ಉಸಿರು ಎರಡು ಭಾಷೆಗಳಲ್ಲಿ ಆಡುತ್ತಿತ್ತು.

ಮುಂದಿನ ಭಾನುವಾರ ಮೊಬೈಲನ್ನು ಕೊಟ್ಟಿಗೆಗೆ ಒಯ್ದೆವು. ಅಮ್ಮ ನಮ್ಮ ಹಸು ಗೌರಿಯ ಗಂಗೆದೊಗಲು ಸವರುತ್ತಾ, "ಕೂಸೇ, ದಿಸ್ ಇಸ್ ಕೌ. ಗೋವು. ಕೌ, ಗೋವು, ಕೇಳ್ತಾ?" ಎಂದಳು. ಆ ಕಡೆಯಿಂದ ಮೊಮ್ಮಗಳು ಒಂದು ಕ್ಷಣ ಸುಮ್ಮನಿದ್ದು, "ಕೌ, ಗೋವು. ಅಜ್ಜೀ, ಸೇಮ್ ಸೇಮ್!" ಎಂದು ಚಪ್ಪಾಳೆ ತಟ್ಟಿದಳು.

ಇಂಗ್ಲಿಷ್ ಕಲಿಸುವ ಅಪ್ಪ ಅಮ್ಮಂದಿರಲ್ಲಿ, ಶಿಕ್ಷಕರಲ್ಲಿ ನನ್ನದೊಂದೇ ಬೇಡಿಕೆ. ಕೌ ಎಂದು ಹೇಳಿಕೊಡುವಾಗ ಹಸು, ಆಕಳು, ಗೋವು ಎಂಬ ಹೆಸರುಗಳನ್ನು ಬಾಗಿಲಾಚೆ ನಿಲ್ಲಿಸಬೇಡಿ. ಮಂಗೂಸ್ ಎನ್ನುವಾಗ ಬೇಲಿಯ ಮುಂಗುಸಿಯನ್ನು ತೋರಿಸಿ. ಮನೆಯ ಹೆಸರು ಗೊತ್ತಿರುವ ಮಗುವಿಗೆ ಹೊರಗಿನ ಹೆಸರು ಬೇಗ ಅಂಟುತ್ತದೆ, ಗಟ್ಟಿಯಾಗಿ ಉಳಿಯುತ್ತದೆ. ನನ್ನ ಅಮ್ಮ ಇಡೀ ಚಾರ್ಟು ಕಲಿತದ್ದು ಹಾಗೆಯೇ.