ಬೆಂಗಳೂರಿಗೂ ಸಾನ್‌ಫ್ರಾನ್ಸಿಸ್ಕೋಗೂ ನೇರವಾದ ದಾರಿ ಯಾವುದು?

ಪೆಸಿಫಿಕ್ ಸಾಗರವು ನಡುವೆ ಬರುವಂತೆ ಮುದ್ರಿಸಿದ ಭೂಪಟವೊಂದನ್ನು ಹರಡಿಕೊಂಡು, ಬೆಂಗಳೂರನ್ನೂ ಅಮೆರಿಕದ ಪಶ್ಚಿಮ ತೀರದ ಸಾನ್‌ಫ್ರಾನ್ಸಿಸ್ಕೋ ನಗರವನ್ನೂ ಒಂದು ಸರಳರೇಖೆಯಿಂದ ಕೂಡಿಸೋಣ. ಆ ರೇಖೆಯು ಸಾಗರವನ್ನು ಅಡ್ಡಲಾಗಿ ದಾಟುವುದು. ಆದರೆ 2021ನೆಯ ಇಸವಿ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಸಾನ್‌ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಾಗ, ಅದು ಉತ್ತರ ಧ್ರುವಪ್ರದೇಶದ ಮೇಲೆ ಹಾರಿತು. ಇದು ಸುತ್ತುದಾರಿಯಲ್ಲವೆ?

ಲೆಕ್ಕ ಹಾಕಿ ನೋಡೋಣ. ಬೆಂಗಳೂರು ಉತ್ತರ ಧ್ರುವದಿಂದ ಸುಮಾರು 77 ಡಿಗ್ರಿ ದೂರದಲ್ಲಿದೆ. ಸಾನ್‌ಫ್ರಾನ್ಸಿಸ್ಕೋ ಸುಮಾರು 52 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರು. ಆದುದರಿಂದ ಧ್ರುವದ ಮೂಲಕ ಹೋದರೆ ದಾರಿಯ ಉದ್ದ ಸುಮಾರು 14,300 ಕಿಲೋಮೀಟರು. ಭೂಪಟದ ಸರಳರೇಖೆಯನ್ನು ಹಿಡಿದು ಒಂದೇ ದಿಕ್ಕಿಗೆ ಸಾಗಿದರೆ ಅದು 16,000 ಕಿಲೋಮೀಟರನ್ನು ಮೀರುವುದು! ದುಂಡಾದ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಬಿಡಿಸಿದುದರ ಫಲವಿದು.

ಭೂಗೋಲದ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ತಾನಾಗಿಯೇ ಉತ್ತರಕ್ಕೆ ಸರಿದು, ಚೀನ, ಸೈಬೀರಿಯಾ, ಅಲಾಸ್ಕಗಳ ಮೇಲೆ ನಿಲ್ಲುವುದು. ಭೂಮಿಯನ್ನು ಸರಿಸಮವಾಗಿ ಎರಡು ಹೋಳು ಮಾಡುವ ಮಹಾವೃತ್ತದ ತುಂಡು ಅದು. ಸುಮಾರು 14,000 ಕಿಲೋಮೀಟರಿನ ಆ ದಾರಿಯೇ ಅತ್ಯಂತ ಹತ್ತಿರದ್ದು.

ಗಂಟೆಗೆ 900 ಕಿಲೋಮೀಟರು ವೇಗದಲ್ಲಿ ಇಷ್ಟು ದೂರಕ್ಕೆ ಹದಿನೈದೂವರೆ ಗಂಟೆ ಸಾಕು. ಆದರೂ ಆ ವಿಮಾನಕ್ಕೆ ಸುಮಾರು 17 ಗಂಟೆ ಹಿಡಿಯಿತು. ಏರುವಾಗಲೂ ಇಳಿಯುವಾಗಲೂ ವೇಗ ಕಡಮೆ. ನಿಜವಾದ ದಾರಿಯಲ್ಲಿ ತಿರುವುಗಳುಂಟು. ಮೇಲುಗಾಳಿಯು ಎದುರಾದರೆ ಕಾಲವು ಹೆಚ್ಚುವುದು, ಬೆನ್ನಿಗಿದ್ದರೆ ತಗ್ಗುವುದು. ಆದಕಾರಣ ಚಾಲಕರು ಕೆಲವು ವೇಳೆ ದೂರದ ದಾರಿಯನ್ನೇ ಆರಿಸಿಕೊಳ್ಳುತ್ತಾರೆ.

ಧ್ರುವಮಾರ್ಗದಲ್ಲಿ ಅಪಾಯವೂ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಬಳಸುವ ವಿಮಾನದ ಇಂಧನವು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗಬಹುದು. ಇಂಧನವು ತೀರ ತಣ್ಣಗಾದರೆ, ವಿಮಾನವನ್ನು ಕಡಮೆ ಚಳಿಯ ಗಾಳಿಗೆ ಇಳಿಸಬೇಕು. ಅಕಸ್ಮಾತ್ ಇಳಿಯಬೇಕಾದರೆ ನಿಲ್ದಾಣಗಳೂ ವಿರಳ. 2023ರ ಜೂನ್ ತಿಂಗಳಲ್ಲಿ ದಿಲ್ಲಿಯಿಂದ ಸಾನ್‌ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯದ ಮಗದಾನ್‌ನಲ್ಲಿ ಇಳಿಯಿತು. ಇನ್ನೂರಕ್ಕೂ ಮಿಕ್ಕ ಪ್ರಯಾಣಿಕರು ಬೇರೊಂದು ವಿಮಾನ ಬರುವ ತನಕ ಅಲ್ಲಿಯೇ ಕಾಯಬೇಕಾಯಿತು.

ಇನ್ನೊಂದು ಸೋಜಿಗ. ಶನಿವಾರ ರಾತ್ರಿ ಹೊರಟವರು ಬೆಂಗಳೂರನ್ನು ಮುಟ್ಟಿದ್ದು ಸೋಮವಾರ ಬೆಳಗಿನ ಜಾವ. ಭಾನುವಾರವೆಲ್ಲಿ ಹೋಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದರೊಡನೆ ಪ್ರಯಾಣದ 17 ಗಂಟೆಯನ್ನು ಕೂಡಿಸಿದರೆ ಉತ್ತರ ದೊರೆಯುವುದು.

ಇಂದು ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಆ ತೀರದಲ್ಲಿದ್ದಾರೆ. ಅವರು ವಿಮಾನವೇರಿದ ರಾತ್ರಿ ನಿದ್ದೆ ಬಾರದ ತಾಯಿತಂದೆಯರು ಗೋಡೆಯ ಭೂಪಟವನ್ನು ಬಿಟ್ಟು, ಭೂಗೋಲವನ್ನೂ ಒಂದು ದಾರವನ್ನೂ ಕೈಗೆತ್ತಿಕೊಳ್ಳಲಿ. ಮಕ್ಕಳು ಎಲ್ಲಿರಬಹುದೆಂಬುದನ್ನು ಆ ದಾರವೇ ಸರಿಸುಮಾರಾಗಿ ತೋರಿಸೀತು.